ಹುಸಿಪಂಥವೂ ಆರ್ಜವ ಧರ್ಮವೂ

2025ರ ದೀಪಾವಳಿಯ ದಿನ ಬೆಳಗಿನ ಮಹಾವೀರ ನಿರ್ವಾಣ ಪೂಜೆಯನ್ನು ಮುಗಿಸಿ ಕಾನಸೂರಿನ ನಮ್ಮ ಮನೆಯ ಜಗುಲಿಯಲ್ಲಿ ಕುಳಿತಿದ್ದಾಗ, ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ನನ್ನ ತಮ್ಮನ ಮಗನು ಒಂದು ಪ್ರಶ್ನೆಯನ್ನು ಕೇಳಿದನು. ಅವನು ಇಂಜಿನಿಯರ್, ಎರಡು ಮೂರು ವರ್ಷಗಳಿಂದ ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಿನ ಆಟವನ್ನು ಹಣವಿಟ್ಟು ಆಡುತ್ತಿದ್ದನೆಂಬುದು ಅಂದೇ ನನಗೆ ತಿಳಿದದ್ದು. ಆ ವರ್ಷದ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿದ ಮೇಲೆ ಆ ಆಟ ನಿಂತುಹೋಗಿತ್ತು. ಆಟ ನಿಂತರೂ ಅವನ ಮನಸ್ಸಿನಲ್ಲಿ ಒಂದು ಸಂದೇಹ ಉಳಿದಿತ್ತು.

"ದೊಡ್ಡಪ್ಪಾ, ಆಟದಲ್ಲಿ ಬ್ಲಫ್ ಮಾಡುವುದು ಸುಳ್ಳು ಹೇಳಿದಂತೆ ಆಗುತ್ತದೆಯೇ? ನಾನು ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲವಲ್ಲ. ಸತ್ಯಾಣುವ್ರತಕ್ಕೆ ಅದರಿಂದ ಭಂಗ ಹೇಗೆ?"

ಸ್ವಾಧ್ಯಾಯದಲ್ಲಿ ನಾಲ್ಕು ಮಾತು ಬಲ್ಲವನೆಂದು ನನ್ನನ್ನು ಅವನು ಕೇಳಿದನು. ನಾನು ತಕ್ಷಣ ಉತ್ತರಿಸಲಿಲ್ಲ. ಒಳಗೆ ಅಡುಗೆಮನೆಯಲ್ಲಿದ್ದ ನನ್ನ ಮಡದಿಗೆ ಆ ಮೌನದ ಕಾರಣ ಗೊತ್ತಿತ್ತು.

ಇಸ್ಪೀಟಿನ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಪೋಕರಿನಲ್ಲಾಗಲಿ, ನಮ್ಮ ಕಡೆ ಮೂರೆಲೆ ಅಥವಾ ತೀನ್ ಪತ್ತಿ ಎಂದು ಕರೆಯುವ ಆಟದಲ್ಲಾಗಲಿ, ಗೆಲ್ಲುವುದಕ್ಕೆ ಎರಡು ದಾರಿಗಳಿವೆ. ಒಂದು, ಎಲ್ಲರಿಗಿಂತ ಉತ್ತಮವಾದ ಎಲೆಗಳನ್ನು ತೋರಿಸುವುದು. ಇನ್ನೊಂದು, ಎಲೆಗಳನ್ನು ತೋರಿಸದೆಯೇ ಪಣವನ್ನು ಏರಿಸುತ್ತ ಹೋಗಿ, ಉಳಿದವರೆಲ್ಲರೂ ಅಂಜಿ ಕೈಬಿಡುವಂತೆ ಮಾಡುವುದು. ಕೈಯಲ್ಲಿ ಏನೂ ಇಲ್ಲದಾಗ ಈ ಎರಡನೆಯ ದಾರಿಯನ್ನು ಹಿಡಿಯುವುದಕ್ಕೆ ಬ್ಲಫ್ ಎನ್ನುತ್ತಾರೆ. ಇದಕ್ಕೆ ಸರಿಹೊಂದುವ ಒಂದೇ ಕನ್ನಡ ಪದ ನನಗೆ ದೊರೆಯಲಿಲ್ಲ. ಬುರುಡೆ ಬಿಡುವುದು ಎಂದರೆ ಮಾತಿನದಾಯಿತು, ಇದು ಮಾತಿಲ್ಲದ್ದು. ಸದ್ಯಕ್ಕೆ ಹುಸಿಪಂಥ ಎಂದಿಟ್ಟುಕೊಳ್ಳೋಣ.

ಇದರ ಹುಟ್ಟು ಗಣಿತದಲ್ಲಿದೆ. 52 ಎಲೆಗಳಿಂದ ಮೂರನ್ನು ಎತ್ತಿದರೆ 22,100 ಬಗೆಯ ಕೈಗಳು ಸಾಧ್ಯ. ಅವುಗಳಲ್ಲಿ ಮೂರೂ ಒಂದೇ ಬಗೆಯವಾಗಿರುವುದು 52 ಮಾತ್ರ. ಜೋಡಿ ಇರುವುದು 3,744. ಯಾವ ಜೋಡಿಯೂ ಸಾಲೂ ಬಣ್ಣವೂ ಕೂಡದ ಬರಿಗೈಗಳು 16,440, ಎಂದರೆ ನಾಲ್ಕರಲ್ಲಿ ಸುಮಾರು ಮೂರು ಪಾಲು. ಒಳ್ಳೆಯ ಎಲೆ ಬರುವವರೆಗೆ ಕಾಯುವವನು ರಾತ್ರಿಯೆಲ್ಲ ಕಾಯಬೇಕಾದೀತು; ಅವನು ಪಣ ಏರಿಸಿದ ಒಡನೆ ಎಲ್ಲರಿಗೂ ಗುಟ್ಟು ತಿಳಿದು ಎದ್ದುಹೋಗುತ್ತಾರೆ. ಆದಕಾರಣ ಈ ಆಟ ಬಲ್ಲವನು ಆಗಾಗ ಹುಸಿಯನ್ನು ಹೂಡಲೇಬೇಕಾಗುತ್ತದೆ.

ನಾನೂ ಆಡಿದವನೇ. ನಮ್ಮ ಘಟ್ಟದ ಸೀಮೆಯಲ್ಲಿ ದೀಪಾವಳಿಯೆಂದರೆ ದೊಡ್ಡಹಬ್ಬ. ಆ ದಿನಗಳಲ್ಲಿ ರಾತ್ರಿ ಇಸ್ಪೀಟು ಬಿಚ್ಚುವುದು ಅನೇಕ ಮನೆಗಳಲ್ಲಿತ್ತು. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದೆಂದು ಬಲ್ಲ ನಮ್ಮ ತಂದೆಯವರು ಹಣದ ಆಟವನ್ನು ಹೊಸ್ತಿಲೊಳಗೆ ಬಿಡುತ್ತಿರಲಿಲ್ಲ. ಆದುದರಿಂದ ನಾವು ಗೋಟಡಿಕೆಗಳನ್ನು ಪಣವಾಗಿಟ್ಟು ಆಡುತ್ತಿದ್ದೆವು. ಬೆಳಗಾದ ಮೇಲೆ ಅವೆಲ್ಲ ಮತ್ತೆ ಅದೇ ಚೀಲಕ್ಕೆ. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಅಡಿಕೆಯ ಪಣದಲ್ಲಿಯೂ ಎದೆ ಹೊಡೆದುಕೊಳ್ಳುವುದು ಹಣದ ಪಣದಲ್ಲಿ ಹೊಡೆದುಕೊಳ್ಳುವ ಹಾಗೆಯೇ.

ಆ ಬಳಗದಲ್ಲಿ ನನಗೆ 'ಕಲ್ಲುಮುಖದವ' ಎಂಬ ಬಿರುದಿತ್ತು. ಬಿ.ಕಾಂ. ಮುಗಿಸಿ ಆಗಷ್ಟೇ ವಖಾರಿಗೆ ಕುಳಿತಿದ್ದ ಪ್ರಾಯ. ಹುಸಿಪಂಥ ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲುವುದಿಲ್ಲ ಎಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಐದಾರು ಜನ ಕಣದಲ್ಲಿರುವಾಗ ಮಾಡಬಾರದು. ಯಾರಾದರೂ ಒಬ್ಬನ ಕೈಯಲ್ಲಿ ಎಲೆ ಇದ್ದೇ ಇರುತ್ತದೆ. ಒಬ್ಬನೇ ಉಳಿದಾಗ ಮಾಡಬೇಕು. ಮೊದಲಿನಿಂದಲೂ ಬಲವಾದ ಎಲೆಯವನು ನಡೆಯುವ ಹಾಗೆಯೇ ನಡೆದುಬಂದಿರಬೇಕು. ನಡುವೆ ಹಠಾತ್ತನೆ ಧೈರ್ಯ ಬಂದರೆ ನಂಬುವವರಿಲ್ಲ. ತನ್ನ ಎಲೆಗಳನ್ನೇ ನೋಡದೆ 'ಬ್ಲೈಂಡ್' ಆಡುತ್ತಿರುವವನ ಮೇಲೆ ಪ್ರಯೋಗಿಸಬಾರದು. ಅವನಿಗೆ ಅಂಜಲು ಕಾರಣವೇ ಗೊತ್ತಿಲ್ಲ. (ಅಂಥವನು ತಾನೂ ಹುಸಿ ಹೂಡಲಾರ. ತನ್ನ ಕೈಯಲ್ಲಿರುವುದು ತನಗೇ ತಿಳಿಯದವನು ಮರೆಮಾಚುವುದೇನನ್ನು? ಅಲ್ಲಿರುವುದು ಅಜ್ಞಾನ, ಮಾಯೆಯಲ್ಲ.) ಎಲ್ಲಕ್ಕಿಂತ ಮುಖ್ಯವಾದುದು, ಎಲೆಯನ್ನು ಬಿಟ್ಟುಕೊಡಬಲ್ಲ ವಿವೇಕಿಯ ಎದುರು ಮಾತ್ರ ಇದು ನಡೆಯುತ್ತದೆ. ಹುಂಬನು 'ಶೋ' ಕೇಳಿಬಿಡುತ್ತಾನೆ. ಕಳೆದುಕೊಂಡರೆ ಏನಾದೀತೆಂದು ಲೆಕ್ಕ ಹಾಕುವವನು ಬಿಡುತ್ತಾನೆ. ಹೀಗೆ ಹುಸಿಪಂಥವು ಎದುರಾಳಿಯ ಮೂರ್ಖತನದಿಂದಲ್ಲ, ಅವನ ಜಾಗರೂಕತೆಯಿಂದ ಫಲ ಪಡೆಯುವ ವಿದ್ಯೆ. ಇದು ಅಂದು ನನಗೆ ಜಾಣತನವೆಂದು ತೋರಿತ್ತು.

ಗಣಿತಜ್ಞ ಜಾನ್ ವಾನ್ ನಾಯ್ಮನ್ ಇದನ್ನೇ ಲೆಕ್ಕಕ್ಕೆ ತಂದವನು. ಆಟಗಳನ್ನು ಕುರಿತ ಅವನ ಮೊದಲ ಲೇಖನ 1928ರದು. 1944ರಲ್ಲಿ ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೊಡನೆ ಬರೆದ ದೊಡ್ಡ ಗ್ರಂಥದಲ್ಲಿ ಪೋಕರಿಗೂ ಹುಸಿಪಂಥಕ್ಕೂ ಪ್ರತ್ಯೇಕ ವಿಚಾರವಿದೆ. ಲೆಕ್ಕ ಸರಳವಾದದ್ದು. ನಡುವೆ 100 ಅಡಿಕೆ ಕೂಡಿದೆಯೆನ್ನಿ. ನಾನು ಇನ್ನೂ 100 ಹೂಡುತ್ತೇನೆ. ನನ್ನ ಎಲೆಯನ್ನು ನೋಡಬೇಕಾದರೆ ಎದುರಾಳಿ 100 ಕೊಡಬೇಕು. ನಾನು ಹುಸಿಯಾಗಿದ್ದರೆ ಅವನಿಗೆ 200 ಲಾಭ. ಆದ್ದರಿಂದ ಇಂಥ ಮೂರು ಹೂಡಿಕೆಗಳಲ್ಲಿ ಒಂದು ಹುಸಿಯಾಗಿ, ಎರಡು ನಿಜವಾಗಿದ್ದರೆ ಅವನಿಗೆ ನೋಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದಕ್ಕಿಂತ ಹೆಚ್ಚು ಹುಸಿಯಾದರೆ ಅವನು ಸದಾ ನೋಡುತ್ತಾನೆ. ಕಡಿಮೆಯಾದರೆ ಸದಾ ಬಿಡುತ್ತಾನೆ. ಹುಸಿಗೆ ಆರಿಸಬೇಕಾದದ್ದು ನಡುತರದ ಎಲೆಯನ್ನಲ್ಲ, ತೀರ ಕೆಟ್ಟದ್ದನ್ನೇ ಎಂಬುದೂ ಅವನ ನಿರ್ಣಯ. ನನ್ನ ತಮ್ಮನ ಮಗನು ಈ ಲೆಕ್ಕವನ್ನು ಬಾಯಿಪಾಠವಾಗಿ ಹೇಳಿದನು. ಸತ್ಯದ ಎರಡು ಪಾಲಿಗೆ ಹುಸಿಯ ಒಂದು ಪಾಲು ಎಂಬ ಪ್ರಮಾಣವನ್ನು ಕೇಳಿ ನನಗೆ ನಮ್ಮ ಪೇಟೆಯ ನೆನಪಾಯಿತು.

ಇನ್ನು ಶಾಸ್ತ್ರದ ಮಾತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅನೃತವನ್ನು ನಿರೂಪಿಸುವಾಗ ಅದು ನುಡಿಗೆ ಸಂಬಂಧಿಸಿದ್ದು, ಮತ್ತು ಪ್ರಮಾದಯುಕ್ತವಾದ ಯೋಗದಿಂದ ಹುಟ್ಟುವಂಥದ್ದು ಎಂಬ ಅಭಿಪ್ರಾಯವಿದೆ. ಆಟಗಾರನು ನುಡಿಯುವುದಿಲ್ಲ. ಆದ್ದರಿಂದ ಹುಡುಗನ ವಾದಕ್ಕೆ ಮೇಲ್ನೋಟಕ್ಕೆ ಆಧಾರವಿದೆ. ಸತ್ಯಾಣುವ್ರತದ ಐದು ಅತಿಚಾರಗಳನ್ನು ಒಂದೊಂದಾಗಿ ಹಿಡಿದು ನೋಡಿದೆವು. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಇವು ನಾಲ್ಕೂ ಇಲ್ಲಿ ತಗಲುವುದಿಲ್ಲ. ಐದನೆಯದಾದ ಸಾಕಾರಮಂತ್ರಭೇದದ ಬಳಿ ಇಬ್ಬರೂ ನಿಂತೆವು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತ, ಸಂದರ್ಭದಿಂದಲೂ ಅಂಗವಿಕಾರದಿಂದಲೂ ಹುಬ್ಬಿನ ಚಲನೆಯಿಂದಲೂ ಪರರ ಅಭಿಪ್ರಾಯವನ್ನು ಊಹಿಸಿ, ಅಸೂಯೆ ಮೊದಲಾದವುಗಳಿಂದ ಅದನ್ನು ಬಯಲುಮಾಡುವುದೆಂಬ ಅರ್ಥವನ್ನು ಕೊಟ್ಟಿದ್ದಾರೆ. ಹುಬ್ಬನ್ನು ನೋಡಿ ಮನಸ್ಸನ್ನು ಓದುವ ಈ ವಿದ್ಯೆಯೇ ಇಸ್ಪೀಟಿನವರ ಅರ್ಧ ಬಂಡವಾಳ! ಹುಡುಗನಿಗೆ ಬಹಳ ಆಶ್ಚರ್ಯವಾಯಿತು. ಆದರೆ ಆಚಾರ್ಯರು ದೋಷವೆಂದು ಎಣಿಸಿದ್ದು ಓದುವುದನ್ನಲ್ಲ, ದ್ವೇಷದಿಂದ ಬಯಲುಮಾಡುವುದನ್ನು. ಹೀಗೆ ಆ ಬಾಗಿಲಿನಿಂದಲೂ ಅವನು ಪಾರಾದನು.

"ಹಾಗಾದರೆ ದೋಷವಿಲ್ಲ ಅನ್ನಿ," ಎಂದನು.

ಆಗ ನಾನು ಅವನಿಗೆ ವಖಾರಿಯ ಪ್ರಸಂಗವನ್ನು ಹೇಳಬೇಕಾಯಿತು. ಇದುವರೆಗೆ ಮನೆಯವರಿಗಲ್ಲದೆ ಯಾರಿಗೂ ಹೇಳಿದ್ದಿಲ್ಲ.

1986ರ ಫೆಬ್ರವರಿ. ನಮ್ಮ ಊರಿಗೆ ಸಮೀಪದ ಹಳ್ಳಿಯ ತೋಟಿಗರೊಬ್ಬರು 8 ಕ್ವಿಂಟಲ್ ರಾಶಿ ಅಡಿಕೆಯನ್ನು ಗಾಡಿಯಲ್ಲಿ ಹೇರಿಕೊಂಡು ವಖಾರಿಗೆ ಬಂದರು. ವೈಶಾಖದಲ್ಲಿ ಅವರ ಮಗಳ ಮದುವೆ ನಿಶ್ಚಯವಾಗಿತ್ತು. ನನಗಿಂತ ಹದಿನೈದು ವರ್ಷ ಹಿರಿಯರು, ದೊಡ್ಡಹಬ್ಬದ ಇಸ್ಪೀಟಿನಲ್ಲಿ ನಮ್ಮ ಬಳಗದವರೇ. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ ನಾನು ಏಳು, ನಾಲ್ಕು, ಎರಡು ಎಂಬ ದರಿದ್ರ ಎಲೆಗಳನ್ನು ಹಿಡಿದು, ಜೋಡಿ ರಾಜರನ್ನು ಇಟ್ಟುಕೊಂಡಿದ್ದ ಅವರನ್ನು ಕೈಬಿಡಿಸಿದ್ದೆ. ಅದನ್ನು ತಿಳಿದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಂದು ಬೆಳಿಗ್ಗೆ ಶಿರಸಿಯಿಂದ ಫೋನು ಬಂದು, ರಾಶಿಯ ದರ ಏರಿರುವುದು ನನಗೆ ತಿಳಿದಿತ್ತು. ಮೇಲಾಗಿ, ಬಯಲುಸೀಮೆಯ ಒಬ್ಬ ವ್ಯಾಪಾರಿಗೆ ಶನಿವಾರದೊಳಗೆ ಮಾಲು ಕಳಿಸುತ್ತೇನೆಂದು ಮಾತು ಕೊಟ್ಟು, ಅಷ್ಟು ಮಾಲು ಕೂಡದೆ ಒದ್ದಾಡುತ್ತಿದ್ದೆ. ಅವರ 8 ಕ್ವಿಂಟಲ್ ನನಗೆ ಬೇಕೇ ಬೇಕಾಗಿತ್ತು. ಆದರೂ ಹಳೆಯ ದರವನ್ನೇ ಹೇಳಿದೆ. ಅವರು ತಡವರಿಸಿದರು. "ಶೆಟ್ರೇ, ಹಾಗಾದರೆ ಶಿರಸಿಗೇ ಒಯ್ದುಬಿಡಲೇನೋ ಅಂತ ಮಾಡಿದ್ದೇನೆ," ಎಂದರು.

ನಾನು ಸುಳ್ಳು ಹೇಳಲಿಲ್ಲ. ದರ ಬಿದ್ದಿದೆಯೆಂದು ಹೇಳಲಿಲ್ಲ. ನನಗೆ ಮಾಲು ಬೇಡವೆಂದೂ ಹೇಳಲಿಲ್ಲ. "ಹಾಗೇ ಮಾಡಿ, ಅದಕ್ಕೇನಂತೆ," ಎಂದು ಕೀರ್ದಿ ಪುಸ್ತಕವನ್ನು ಮುಚ್ಚಿದೆ. ಹಮಾಲನನ್ನು ಕರೆದು, ಇಳಿಸಿದ್ದ ಎರಡು ಚೀಲಗಳನ್ನು ಮತ್ತೆ ಗಾಡಿಗೆ ಏರಿಸಲು ಸನ್ನೆ ಮಾಡಿದೆ. ಮುಖವನ್ನು ಕಲ್ಲಾಗಿ ಇಟ್ಟುಕೊಂಡಿದ್ದೆ. ಒಂದು ಚೀಲ ಮೇಲೇರುವಷ್ಟರಲ್ಲಿ ಅವರು, "ಇರಲಿ ಬಿಡಿ, ಇಲ್ಲಿಯೇ ತೂಗಿ," ಎಂದರು. ಕ್ವಿಂಟಲಿಗೆ 90 ರೂಪಾಯಿಯಂತೆ 720 ರೂಪಾಯಿ ನನಗೆ ಉಳಿಯಿತು. ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸ ಮಾಡಲಿಲ್ಲವೆಂದು ಅಂದು ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ನೆಮ್ಮದಿಪಟ್ಟುಕೊಂಡದ್ದೂ ನೆನಪಿದೆ.

ಅವರು ಏಕೆ ಬಿಟ್ಟುಕೊಟ್ಟರೆಂಬುದನ್ನು ಯೋಚಿಸಿದರೆ ವಾನ್ ನಾಯ್ಮನ್ನನ ಲೆಕ್ಕವೇ ಎದುರು ನಿಲ್ಲುತ್ತದೆ. ನನ್ನ ಎಲೆಯನ್ನು ನೋಡಲು ಅವರು ಬೆಲೆ ತೆರಬೇಕಾಗಿತ್ತು: ಶಿರಸಿಗೆ ಮತ್ತೊಂದು ಬಾಡಿಗೆ, ಒಂದು ದಿನದ ಕೆಲಸ ಹಾಳು, ಅಲ್ಲಿಯೂ ಇದೇ ದರವಾದರೆ ಮರಳಿ ನನ್ನ ಮುಂದೆ ನಿಲ್ಲುವ ಮುಜುಗರ. ಮಗಳ ಮದುವೆಯ ವರ್ಷದಲ್ಲಿ ಆ ಬೆಲೆ ದೊಡ್ಡದು. ಅವರಿಗೆ 'ಶೋ' ಕೇಳುವ ಶಕ್ತಿಯಿಲ್ಲವೆಂಬುದನ್ನು ಅವರ ಹುಬ್ಬಿನಿಂದಲೇ ನಾನು ಓದಿಕೊಂಡಿದ್ದೆ.

ಪಾಶ್ಚಾತ್ಯರಲ್ಲಿ ಇದನ್ನು ಸಮರ್ಥಿಸಿದವರಿದ್ದಾರೆ. ಆಲ್ಬರ್ಟ್ ಕಾರ್ ಎಂಬಾತನು 1968ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನವೊಂದು ವಾಣಿಜ್ಯವನ್ನು ಓದಿದವರಲ್ಲಿ ಪ್ರಸಿದ್ಧವಾಗಿದೆ. ವ್ಯಾಪಾರವೆಂಬುದು ಪೋಕರಿನಂಥ ಆಟ. ಆಟಕ್ಕೆ ತನ್ನದೇ ನೀತಿಯಿದೆ. ಅಲ್ಲಿ ಪೂರ್ಣಸತ್ಯವನ್ನು ಯಾರೂ ನಿರೀಕ್ಷಿಸುವುದಿಲ್ಲವಾದ್ದರಿಂದ ಹುಸಿಪಂಥವು ಸುಳ್ಳಲ್ಲ. ಮನೆಯ ನೀತಿಯನ್ನು ಅಂಗಡಿಗೆ ತರಬಾರದು ಎಂಬುದು ಅವನ ವಾದದ ಸಾರ. ವಾದದಲ್ಲಿ ಹುರುಳಿಲ್ಲವೆನ್ನಲಾರೆ. ನಲವತ್ತು ವರ್ಷ ಅಡಿಕೆ ವ್ಯಾಪಾರ ಮಾಡಿದವನು ತನ್ನ ಗರಿಷ್ಠ ದರವನ್ನು ಮೊದಲೇ ಬೋರ್ಡಿನಲ್ಲಿ ಬರೆದು ಕುಳಿತಿದ್ದೆನೆಂದು ಹೇಳಿದರೆ ಯಾರೂ ನಂಬಲಾರರು. ಜಾನುವಾರು ಜಾತ್ರೆಗಳಲ್ಲಿ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುವುದನ್ನು ಎಲ್ಲರೂ ಕಂಡಿದ್ದೇವೆ. ಮರೆ ಇದೆ ಎಂಬುದು ಅಲ್ಲಿ ಇಬ್ಬರಿಗೂ ಗೊತ್ತು. ಶಿರಸಿಯ ಟೆಂಡರ್ ಪದ್ಧತಿಯನ್ನೇ ನೋಡಿ. ಖರೀದಿದಾರರು ಒಂದೊಂದು ರಾಶಿಯನ್ನೂ ನೋಡಿ ತಮ್ಮ ದರವನ್ನು ಗುಟ್ಟಾಗಿ ನಮೂದಿಸುತ್ತಾರೆ. ಹೆಚ್ಚು ಬರೆದವನಿಗೆ ಮಾಲು. ಅಲ್ಲಿ ನನ್ನ ದರವನ್ನು ಬಚ್ಚಿಡುವುದು ಮಾಯಾಚಾರವೆಂದು ನನಗೆ ಎಂದೂ ಅನ್ನಿಸಿದ್ದಿಲ್ಲ. ಹುಸಿಯಾಗಿ ಏರಿಸಿ ಬರೆದವನು ಅದೇ ದರವನ್ನು ತೆರಬೇಕು. ಇಳಿಸಿ ಬರೆದವನಿಗೆ ಮಾಲು ತಪ್ಪುತ್ತದೆ. ಕಲ್ಲುಮುಖಕ್ಕೆ ಅಲ್ಲಿ ಕವಡೆಯ ಬೆಲೆಯಿಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಗಾರರು ತಮ್ಮದೇ ಸೇಲ್ ಸೊಸೈಟಿಯನ್ನು ಕಟ್ಟಿಕೊಂಡದ್ದೇಕೆಂಬುದು ನನಗೆ ಬಿ.ಕಾಂ. ತರಗತಿಯಲ್ಲಿ ತಿಳಿದಿರಲಿಲ್ಲ; ಆ 8 ಕ್ವಿಂಟಲಿನ ತರುವಾಯ ಚೆನ್ನಾಗಿ ತಿಳಿಯಿತು.

ಕಾರ್ ಮಹಾಶಯನ ವಾದ ನನಗೆ ಸಾಲದೆನಿಸಿದ್ದು ಒಂದೇ ಕಡೆ. ಆಟವೆಂದರೆ ಆಡುವವರೆಲ್ಲರೂ ತಾವು ಆಡುತ್ತಿದ್ದೇವೆಂದು ಬಲ್ಲವರಾಗಿರಬೇಕು. ದೊಡ್ಡಹಬ್ಬದ ರಾತ್ರಿ ಆ ಹಿರಿಯರು ನನ್ನೆದುರು ಆಡಲು ಕುಳಿತಿದ್ದರು. ಫೆಬ್ರವರಿಯ ಆ ಬೆಳಿಗ್ಗೆ ಅವರು ಆಡಲು ಬಂದಿರಲಿಲ್ಲ, ಅಡಿಕೆ ಮಾರಲು ಬಂದಿದ್ದರು. ನಾನು ಅವರಿಗೆ ತಿಳಿಸದೆ ಎಲೆ ಹಂಚಿದ್ದೆ.

"ಅಂದರೆ, ಇಬ್ಬರೂ ಬಲ್ಲವರಾಗಿ ಕುಳಿತ ಆಟದಲ್ಲಿ ತಪ್ಪಿಲ್ಲ ಎಂದಾಯಿತಲ್ಲ, ದೊಡ್ಡಪ್ಪಾ," ಎಂದು ಹುಡುಗ ಮತ್ತೆ ಹಿಡಿದನು. ಅವನು ಹಿಡಿದದ್ದು ಸರಿಯೇ. ಪೋಕರ್ ಕೌಶಲದ ಆಟವಾಗಿ ನಡೆದರೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿ ಹೇಳಿತ್ತೆಂದೂ, 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯ ಅದನ್ನು ಜೂಜೆಂದೇ ಎಣಿಸಿತೆಂದೂ ಅವನೇ ತಿಳಿಸಿದನು. ನ್ಯಾಯಾಲಯಗಳು ಕೌಶಲವೋ ಅದೃಷ್ಟವೋ ಎಂದು ಅಳೆಯುತ್ತವೆ. ನಮ್ಮ ಆಚಾರ್ಯರು ಅಳೆಯುವುದು ಪರಿಣಾಮವನ್ನು, ಆತ್ಮದ ಭಾವವನ್ನು.

ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಮಾಯಾಕಷಾಯದ ನಾಲ್ಕು ತರಗಳಿಗೆ ನಾಲ್ಕು ಹೋಲಿಕೆಗಳನ್ನು ಕೊಟ್ಟಿದ್ದಾರೆ: ಬಿದಿರಿನ ಬೇರು, ಟಗರಿನ ಕೊಂಬು, ಗೋಮೂತ್ರದ ಗೆರೆ, ಕೆರೆಯುವ ಸಲಕರಣೆಯ ಗೆರೆ. ಡೊಂಕಿನಲ್ಲಿ ಒಂದಕ್ಕಿಂತ ಒಂದು ಕಡಿಮೆ. ನಮ್ಮ ಕಾಡಿನಲ್ಲಿ ಬಿದಿರಿನ ಹಿಂಡಿಲನ್ನು ಅಗೆದವರಿಗೆ ಮೊದಲನೆಯ ಹೋಲಿಕೆಯ ಸ್ವಾರಸ್ಯ ಬೇಗ ತಿಳಿಯುತ್ತದೆ; ಆ ಬೇರನ್ನು ನೆಟ್ಟಗೆ ಮಾಡುವ ಉಪಾಯವಿಲ್ಲ. ಗೋಟಡಿಕೆಯ ಆಟದಲ್ಲಿ ನಾನು ಹೂಡಿದ ಹುಸಿ ಕೊನೆಯ ತರದ್ದಿರಬಹುದು. ಬೆಳಗಾಗುವಷ್ಟರಲ್ಲಿ ಅಳಿಸಿಹೋಗುವ ಗೆರೆ. ಆದರೆ ಗೆರೆ ಎಳೆದದ್ದಂತೂ ಹೌದು. ಜನ್ನ ಕವಿಯ ಯಶೋಧರ ಚರಿತೆಯಲ್ಲಿ ಅರಸನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಜೀವವಿರುವ ಕೋಳಿಯನ್ನಲ್ಲ. ಆದರೂ ಭವಭವಗಳಲ್ಲಿ ತೊಳಲಿದನು. ಆಟದ ಹುಸಿಯು ಹಿಟ್ಟಿನ ಕೋಳಿಯೆಂದು ನಾನು ಹುಡುಗನಿಗೆ ಹೇಳಿದಾಗ ಅವನು ನಕ್ಕನು, ಅಷ್ಟು ದೂರ ಒಯ್ಯಬಾರದೆಂದನು. ಇರಬಹುದು. ನನಗೆ ತಿಳಿದಿರುವುದು ಇಷ್ಟೇ: ವಖಾರಿಯಲ್ಲಿ ಮುಖವನ್ನು ಕಲ್ಲಾಗಿಸಲು ಅಂದು ನಾನು ಯಾವ ಪ್ರಯತ್ನವನ್ನೂ ಮಾಡಬೇಕಾಗಿರಲಿಲ್ಲ. ಏಳೆಂಟು ದೀಪಾವಳಿಗಳ ಅಭ್ಯಾಸ ತಾನಾಗಿ ಒದಗಿಬಂತು.

ಮುಂದಿನದನ್ನೂ ಹೇಳಿಬಿಡುತ್ತೇನೆ. ಆ ವರ್ಷದ ದೊಡ್ಡಹಬ್ಬಕ್ಕೂ ಅವರು ಬಂದರು. ಮದುವೆ ಚೆನ್ನಾಗಿ ನಡೆದಿತ್ತು. ಶಿರಸಿಯ ಅಂದಿನ ದರ ಅವರಿಗೆ ಮರುದಿನವೇ ತಿಳಿದಿತ್ತೆಂದು ನನಗೆ ಗೊತ್ತಿತ್ತು. ಆದರೆ ಒಂದು ಮಾತನ್ನೂ ಆಡಿರಲಿಲ್ಲ. ಆಟ ನಡೆಯಿತು. ಒಂದು ಕೈಯಲ್ಲಿ ಅವರೂ ನಾನೂ ಉಳಿದೆವು. ನಾನು ಪಣ ಏರಿಸಿದೆ. ಅವರು ಎಲೆಗಳನ್ನು ಕೆಳಗಿಟ್ಟು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಶೆಟ್ರೇ, ಈ ಮುಖವನ್ನು ವಖಾರಿಯಲ್ಲಿ ಒಮ್ಮೆ ನೋಡಿದ್ದೇನೆ," ಎಂದು ನಗುತ್ತ 'ಶೋ' ಕೇಳಿದರು. ಸುತ್ತ ಕುಳಿತವರಿಗೆ ಅರ್ಥವಾಗಲಿಲ್ಲ, ಅವರೂ ನಕ್ಕರು. ಆ ಸಲ ನನ್ನ ಕೈಯಲ್ಲಿ ನಿಜವಾಗಿಯೂ ಮೂರು ಗುಲಾಮರಿದ್ದರು. ಗೆದ್ದ ಅಡಿಕೆಗಳನ್ನು ಎಳೆದುಕೊಳ್ಳಲು ಕೈ ಬರಲಿಲ್ಲ. ಅಂದಿನಿಂದ ಇಸ್ಪೀಟು ಮುಟ್ಟಿಲ್ಲ.

ಮರುವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ 720 ರೂಪಾಯಿಗಳನ್ನು ಒಂದು ಲಕೋಟೆಯಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಆರ್ಜವ ಧರ್ಮದ ದಿನದ ಪ್ರವಚನವನ್ನು ಆ ಸಲ ಕೇಳಿ ಕುಳಿತಿರಲು ಆಗಿರಲಿಲ್ಲ. ಅವರು ಕವಳದ ತಟ್ಟೆಯನ್ನು ಮುಂದೆ ಸರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ಲಕೋಟೆಯನ್ನು ಮುಟ್ಟಲಿಲ್ಲ.

"ಇದನ್ನು ತೆಗೆದುಕೊಂಡರೆ ಅಂದು ನಾನು ಮೋಸಹೋದೆ ಎಂದು ಒಪ್ಪಿದ ಹಾಗೆ ಆಗುತ್ತದೆ, ಶೆಟ್ರೇ. ಆಟದಲ್ಲಿ ಸೋತೆ ಎಂದು ಇಟ್ಟುಕೊಂಡಿದ್ದೇನೆ. ಹಾಗೇ ಇರಲಿ."

ನನ್ನ ವಾದವನ್ನೆಲ್ಲ ಅವರು ತಲೆಕೆಳಗು ಮಾಡಿದ್ದರು. ಆಟವಲ್ಲವೆಂದು ನಾನು ಅನ್ನುತ್ತಿದ್ದೆ. ಆಟವೇ ಆಗಿತ್ತೆಂದು ಅವರು ಅನ್ನುತ್ತಿದ್ದರು. ಅದು ಅವರ ಉದಾರತೆಯೋ, ಅಭಿಮಾನವೋ, ಅಥವಾ ನನ್ನನ್ನು ಹಾಗೆಯೇ ಬಿಟ್ಟುಬಿಡುವ ಒಂದು ಬಗೆಯ ಶಿಕ್ಷೆಯೋ ಎಂದು ಇಂದಿಗೂ ತಿಳಿಯದು. ಅವರ ಹುಬ್ಬಿನಿಂದ ಏನನ್ನೂ ಓದಲಾಗಲಿಲ್ಲ. ಅವರು ತೀರಿಕೊಂಡು ಈಗ ಹನ್ನೆರಡು ವರ್ಷಗಳಾದವು.

ಹಣವನ್ನು ಮರಳಿ ತಂದು ಕೀರ್ದಿಯಲ್ಲಿ ಅವರ ಹೆಸರಿಗೆ ಜಮೆ ಮಾಡಿದೆ. ಪ್ರತಿ ದೀಪಾವಳಿಗೆ ಹೊಸ ಪುಸ್ತಕ ತೆರೆಯುವಾಗ ಆ ಬಾಕಿಯನ್ನು ಮುಂದಕ್ಕೆ ಬರೆಯುತ್ತ ಬಂದಿದ್ದೇನೆ. ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿದೆ, ಮಗ ನೋಡಿಕೊಳ್ಳುತ್ತಾನೆ. ಇಷ್ಟು ಹಳೆಯ ಬಾಕಿಯನ್ನು ವಜಾ ಮಾಡಿ ಆದಾಯಕ್ಕೆ ತೋರಿಸಬಹುದಲ್ಲ ಎಂದು ಲೆಕ್ಕ ಪರಿಶೋಧಕರು ಎರಡು ಸಲ ಬರೆದು ಕೇಳಿದ್ದಾರೆ. ಅಂದು ಜಗುಲಿಯಿಂದೆದ್ದು ತಮ್ಮನ ಮಗನಿಗೆ ಆ ಖಾತೆಯನ್ನು ತೋರಿಸಿದೆ. ಅವನು ಪರದೆಯನ್ನು ಬಹಳ ಹೊತ್ತು ನೋಡಿ, "ಬಡ್ಡಿ ಹಚ್ಚಿಲ್ಲವಲ್ಲ, ದೊಡ್ಡಪ್ಪಾ?" ಎಂದು ಕೇಳಿದನು.